ಎಫ್-250ಕ್ಕೆ ಡೇನಾ 60: ಡ್ಯಾಂಪರ್ ಕೊಳ್ಳುವ ಮೊದಲು ಕಿಂಗ್‌ಪಿನ್ ಬಿಚ್ಚಿ ನೋಡಿ

ನಿಮ್ಮ 1989ರ ಫೋರ್ಡ್ ಎಫ್-250 ಡೀಸೆಲ್ ಪಿಕಪ್‌ನ ಟಿಟಿಬಿ (ಎರಡು ತುಂಡಾಗಿದ್ದು, ಪ್ರತಿ ಚಕ್ರವೂ ಬೇರೆಯಾಗಿ ಏರಿಳಿಯುವ) ಮುಂದಿನ ಆಕ್ಸಲ್ ತೆಗೆದು, ಗುಜರಿಯಿಂದ ತಂದ 1990ರ ಎಫ್-350ರ ಡೇನಾ 60 ಎಂಬ ಸಾಲಿಡ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ತೊಲೆಯ) ಆಕ್ಸಲ್ ಕೂರಿಸುವುದಾಗಿಯೂ, ಸ್ಟೀರಿಂಗ್ ನಡುಗಿದರೆ ಎರಡು ಡ್ಯಾಂಪರ್ (ನಡುಕ ಹೀರುವ ಶಾಕ್ ಅಬ್ಸಾರ್ಬರ್) ಹಾಕಿ ಸರಿಮಾಡಿಕೊಳ್ಳುವುದಾಗಿಯೂ ಬರೆದಿದ್ದೀರಿ. ಮೊದಲನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಎರಡನೆಯದನ್ನು ಓದಿದಾಗ ಹನ್ನೊಂದು ವರ್ಷದ ಹಿಂದೆ ನಾನೇ ಆಡಿದ ಮಾತು ಕೇಳಿಸಿದಂತಾಯಿತು. ಆದ್ದರಿಂದ ಉತ್ತರ ಉದ್ದವಾದರೆ ಬೇಸರಿಸಬೇಡಿ.

ನನ್ನದೂ 7.3 ಲೀಟರ್ ಐಡಿಐ ಡೀಸೆಲ್ ಗಾಡಿಯೇ, ಆಕ್ಸಲ್ ಕೂಡ ನಿಮ್ಮದರಂತೆ ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ) ಮಾದರಿಯದೇ. 1992ರಿಂದ ಫೋರ್ಡ್ ಅದರ ಬದಲು ಗುಂಡು ಕೀಲಿನ ಬಾಲ್ ಜಾಯಿಂಟ್‌ಗೆ ಹೋಯಿತು. ಅದಕ್ಕಿಂತ ಹಿಂದಿನದು ಸಿಕ್ಕಿರುವುದು ನಿಮ್ಮ ಅದೃಷ್ಟ, ಆದರೆ ಕಿಂಗ್‌ಪಿನ್ ನೋಡಿಕೊಂಡರೆ ಮಾತ್ರ. ನಾನು ಆಕ್ಸಲ್ ತೊಳೆದು, ಬಣ್ಣ ಬಳಿದು, ಬ್ರೇಕ್ ಹೊಸದು ಮಾಡಿ, ಟೈರ್ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟವಿಲ್ಲ (ಸಡಿಲವಿಲ್ಲ) ಎಂದು ತೃಪ್ತಿಪಟ್ಟು ಗಾಡಿಗೆ ಏರಿಸಿದೆ. ಸಣ್ಣಗೆ ನಡುಕ ಬಂದಾಗ ಒಂದು ಡ್ಯಾಂಪರ್ ಹಾಕಿದೆ, ನಿಂತಿತು. ನಾಲ್ಕು ತಿಂಗಳ ನಂತರ ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿಯಲ್ಲಿ 55 ಮೈಲಿ ವೇಗದಲ್ಲಿ ಹೋಗುತ್ತಿರುವಾಗ, ಸೇತುವೆಯ ಕಬ್ಬಿಣದ ಸಂದಿಯ ಮೇಲೆ ಬಲಗಡೆಯ ಚಕ್ರ ಹತ್ತಿ ಇಳಿದದ್ದೇ ತಡ, ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗಿದವು. ಸ್ಟೀರಿಂಗ್ ಕೈಗೆ ನಿಲ್ಲಲಿಲ್ಲ, ಡ್ಯಾಶ್‌ಬೋರ್ಡ್ ಮೇಲಿದ್ದ ಕಾಫಿಯ ಲೋಟ ಹೆಂಡತಿಯ ಮಡಿಲಿಗೆ ಬಿತ್ತು, ಗಾಡಿ 20 ಮೈಲಿಗೆ ಇಳಿಯುವವರೆಗೂ ಆ ಬಡಿತ ಬಿಡಲಿಲ್ಲ. ರಸ್ತೆಯ ಅಂಚಿನಲ್ಲಿ ಇಳಿದು ನೋಡಿದರೆ ಡ್ಯಾಂಪರಿನ ಬ್ರಾಕೆಟ್ ಎರಡು ತುಂಡಾಗಿತ್ತು.

ಕಾರಣ ಮನೆಗೆ ಬಂದು ಬಿಚ್ಚಿದಾಗ ತಿಳಿಯಿತು. ಈ ಆಕ್ಸಲಿನಲ್ಲಿ ಕಿಂಗ್‌ಪಿನ್ನಿನ ಕೆಳಗೆ ಟೇಪರ್ ಬೇರಿಂಗ್ ಇದೆ, ಮೇಲ್ಗಡೆ ಶಂಕುವಿನಾಕಾರದ ಪಿನ್ ಮೇಲೆ ಒಂದು ಬುಷ್, ಆ ಬುಷ್ ಅನ್ನು ಒತ್ತಿ ಹಿಡಿಯಲು ಗಟ್ಟಿ ಸ್ಪ್ರಿಂಗ್. ಸ್ಪ್ರಿಂಗ್ ಒತ್ತಿದಾಗ ಬುಷ್‌ಗೂ ಪಿನ್‌ಗೂ ನಡುವೆ ಹುಟ್ಟುವ ಬಿಗಿಯೇ ನಡುಕವನ್ನು ತಡೆಯುವ ಮೊದಲ ಡ್ಯಾಂಪರ್. ಬುಷ್ ಸವೆದು ಸ್ಪ್ರಿಂಗ್ ಸೋತರೆ, ಟೈರ್ ಹಿಡಿದು ಅಲ್ಲಾಡಿಸಿದಾಗ ಆಟ ಕಾಣದಿದ್ದರೂ ಆ ಬಿಗಿ ಹೋಗಿರುತ್ತದೆ. ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ರಾಡಿನ ತುದಿಗಳನ್ನು ಕಳಚಿ, ಚಕ್ರದ ಸ್ಟಬ್ ಹೊತ್ತು ಕಿಂಗ್‌ಪಿನ್ ಮೇಲೆ ತಿರುಗುವ ತುಂಡನ್ನು (ನಕಲ್) ಕೈಯಲ್ಲಿ ತಿರುಗಿಸಿ ನೋಡಿ: ನನ್ನದು ಎಣ್ಣೆ ಹಾಕಿದ ಗೇಟಿನ ಹಾಗೆ ಒಂದು ಬೆರಳಿಗೆ ತಿರುಗಿತು. ಹೊಸ ಕಿಟ್ ಹಾಕಿದ ಮೇಲೆ ಎರಡೂ ಕೈ ಹಾಕಿ ಎಳೆಯಬೇಕಾಯಿತು. ಅಷ್ಟು ಬಿಗಿ ಇರಲೇಬೇಕು. ಗ್ರೀಸ್ ತುಂಬಿ ಹಗುರ ಮಾಡಲು ಹೋಗಬೇಡಿ.

ಬಿಚ್ಚುವಾಗ ಮೇಲಿನ ಮುಚ್ಚಳದ ಬೋಲ್ಟುಗಳನ್ನು ಒಂದೊಂದೇ ಸುತ್ತು, ಸಮನಾಗಿ ಸಡಿಲಿಸಿ, ಏಕೆಂದರೆ ಕೆಳಗಿನ ಸ್ಪ್ರಿಂಗ್ ಮುಚ್ಚಳವನ್ನು ಮುಖಕ್ಕೇ ಎಸೆಯಬಹುದು. ಪಿನ್‌ಗೆ 7/8 ಇಂಚಿನ ಆಲೆನ್ ಕೀ ಬೇಕು, ಬಿಗಿಮಾಡಲು 500ರಿಂದ 600 ಪೌಂಡ್-ಅಡಿ ಬಲ ಬೇಕು. ಅರ್ಧ ಇಂಚಿನ ರಾಟ್ಚೆಟ್‌ಗೆ ಪೈಪ್ ಸಿಕ್ಕಿಸಿ ಅಂದಾಜಿನಲ್ಲಿ ಮುಗಿಸುವ ಯೋಚನೆ ದಯವಿಟ್ಟು ಬೇಡ. ಮುಕ್ಕಾಲು ಇಂಚಿನ ಟಾರ್ಕ್ ರೆಂಚ್ ಬಾಡಿಗೆಗೆ ತನ್ನಿ, ಆಕ್ಸಲ್ ನೆಲದ ಮೇಲಿರುವಾಗಲೇ ಈ ಕೆಲಸ ಮುಗಿಸಿ. ಗಾಡಿಯ ಕೆಳಗೆ ಮಲಗಿ ಅಷ್ಟು ಬಲ ಹಾಕಲು ಸಾಧ್ಯವಿಲ್ಲ.

ಇನ್ನು ಕಾಸ್ಟರ್, ಅಂದರೆ ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ಎಷ್ಟು ಓರೆ ಎಂಬ ಕೋನ. ನಾಲ್ಕು ಇಂಚು ಎತ್ತರದ ಸ್ಪ್ರಿಂಗ್ ಹಾಕುತ್ತೇನೆ ಎಂದಿದ್ದೀರಿ, ಕಾಸ್ಟರಿನ ಮಾತೇ ಎತ್ತಿಲ್ಲ. ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಇಳಿದ ಮೇಲೆ ಅಳೆದು, ನಾಲ್ಕು ಡಿಗ್ರಿಯ ಆಸುಪಾಸು ತಂದುಕೊಳ್ಳಿ. ಕಡಿಮೆಯಾದರೆ ಗಾಡಿ ನೇರ ಹೋಗದೆ ಅಲೆಯುತ್ತದೆ. ಸ್ಪ್ರಿಂಗ್ ಕೆಳಗೆ ಓರೆ ಶಿಮ್ (ಬೆಣೆಯಂಥ ತಟ್ಟೆ) ಕೊಟ್ಟು ಕಾಸ್ಟರ್ ಹೆಚ್ಚಿಸಿದರೆ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡುವ ಗಿಯರ್) ಮೂಗು ನೆಲದ ಕಡೆ ಬಾಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಅದು ನಿಜವೇ. ಆದರೆ ಕೈಯಲ್ಲಿ ತಿರುಗಿಸಿ ಚಕ್ರವನ್ನು ಆಕ್ಸಲಿನಿಂದ ಬಿಡಿಸುವ ಹಬ್ ಇದ್ದರೆ ಹೆದ್ದಾರಿಯಲ್ಲಿ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ, ಕಾಸ್ಟರ್ ಮಾತ್ರ ಪ್ರತಿ ಮೈಲಿಯಲ್ಲೂ ಬೇಕು; ಹೀಗಾಗಿ ನಾನು ಯಾವತ್ತೂ ಕಾಸ್ಟರಿನ ಪಕ್ಷ. ಶಿಮ್ ಉಕ್ಕಿನದೇ ಇರಲಿ, ಅಲ್ಯೂಮಿನಿಯಂ ಶಿಮ್ ಭಾರಕ್ಕೆ ನಜ್ಜುಗುಜ್ಜಾಗಿ ಸ್ಪ್ರಿಂಗನ್ನು ಆಕ್ಸಲಿಗೆ ಕಟ್ಟುವ ಯು-ಬೋಲ್ಟ್ ಸಡಿಲವಾಗುತ್ತದೆ. ಯು-ಬೋಲ್ಟ್ ಹಳೆಯದನ್ನು ಮತ್ತೆ ಬಳಸುವುದಂತೂ ಶುದ್ಧ ಜಿಪುಣತನ.

ಲೀಫ್ ಸ್ಪ್ರಿಂಗೇ ಆಕ್ಸಲನ್ನು ಹಿಡಿದಿರುವಾಗ ಟ್ರ್ಯಾಕ್ ಬಾರ್ (ಚಾಸಿಯಿಂದ ಆಕ್ಸಲಿಗೆ ಅಡ್ಡಲಾಗಿ ಹೋಗುವ ಸರಳು) ಏತಕ್ಕೆ ಎಂದೂ ಕೇಳಿದ್ದೀರಿ. ಎಫ್-350ರಲ್ಲಿ ಫೋರ್ಡ್ ಅದನ್ನು ಸುಮ್ಮನೆ ಕೊಟ್ಟದ್ದಲ್ಲ. ಸ್ಟೀರಿಂಗ್ ತಿರುಗಿಸಿದಾಗ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡು) ಆಕ್ಸಲನ್ನೇ ಪಕ್ಕಕ್ಕೆ ತಳ್ಳಲು ನೋಡುತ್ತದೆ, ಆಗ ಸ್ಪ್ರಿಂಗ್ ಕೊಂಚ ಸರಿಯುತ್ತದೆ; ಆ ಸರಿದಾಟವನ್ನು ಬಾರ್ ತಡೆಯುತ್ತದೆ. ಆದರೆ ಬಾರ್ ಮತ್ತು ಡ್ರ್ಯಾಗ್ ಲಿಂಕ್ ಒಂದಕ್ಕೊಂದು ಸಮಾಂತರವಾಗಿ, ಹೆಚ್ಚುಕಡಿಮೆ ಒಂದೇ ಉದ್ದ ಇರದಿದ್ದರೆ, ಗುಂಡಿಗೆ ಇಳಿದಾಗಲೆಲ್ಲ ಸ್ಟೀರಿಂಗ್ ತಾನಾಗಿ ತಿರುಗುತ್ತದೆ. ಗಾಡಿ ಎತ್ತರಿಸಿದರೆ ಡ್ರ್ಯಾಗ್ ಲಿಂಕನ್ನು ಎಳೆಯುವ ಪಿಟ್‌ಮನ್ ಆರ್ಮ್ ಒಂದನ್ನೇ ಇಳಿಸಬೇಡಿ, ಬಾರಿನ ಬ್ರಾಕೆಟ್ ಕೂಡ ಇಳಿಯಬೇಕು. ಗುಜರಿಗೆ ಮತ್ತೊಮ್ಮೆ ಹೋಗಿ ಸ್ಪ್ರಿಂಗ್ ಹ್ಯಾಂಗರ್, ಬಾರ್, ಬ್ರಾಕೆಟ್, ಬ್ರೇಕ್ ಕ್ಯಾಲಿಪರ್ ಎಲ್ಲವನ್ನೂ ಅದೇ ಎಫ್-350ರಿಂದ ಬಿಚ್ಚಿ ತನ್ನಿ. ಸ್ಪ್ರಿಂಗ್ ಮಾತ್ರ ಪೆಟ್ರೋಲ್ ಗಾಡಿಯದು ಬೇಡ. ಡೀಸೆಲ್ ಎಂಜಿನ್ನಿನ ಭಾರಕ್ಕೆ ಅದು ಮೂಗು ಬಗ್ಗಿಸುತ್ತದೆ.

ಆಕ್ಸಲ್ ಏರಿಸುವ ಮೊದಲು ಕ್ರೌನ್-ಪಿನಿಯನ್ ಅನುಪಾತವನ್ನು ಖಚಿತಪಡಿಸಿಕೊಳ್ಳಿ. ಒಂದು ಚಕ್ರವನ್ನು ಅಲ್ಲಾಡದಂತೆ ಕಟ್ಟಿ, ಹಬ್ ಲಾಕ್ ಮಾಡಿ, ಇನ್ನೊಂದನ್ನು ಎರಡು ಸುತ್ತು ತಿರುಗಿಸಿದಾಗ ಪಿನಿಯನ್ ಎಷ್ಟು ಸುತ್ತುತ್ತದೆಯೋ ಅದೇ ಅನುಪಾತ, ಮೂರೂವರೆಯಾದರೆ 3.55, ನಾಲ್ಕಕ್ಕೆ ತುಸು ಹೆಚ್ಚಾದರೆ 4.10. ಹಿಂದೆ 4.10, ಮುಂದೆ 3.55 ಇಟ್ಟು ಒಣ ರಸ್ತೆಯಲ್ಲಿ ಫೋರ್‌ವೀಲ್ ಹಾಕಿದರೆ ಮುಂದಿನ, ಹಿಂದಿನ ಆಕ್ಸಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಉಳಿಯುವುದಿಲ್ಲ.

ಇದೇ ಚರ್ಚೆಯ ಎಳೆಯಲ್ಲಿ ಒಬ್ಬರು 2005ರ ನಂತರದ ಫೋರ್ಡ್ ಸೂಪರ್ ಡ್ಯೂಟಿ ಪಿಕಪ್‌ನ ಕಾಯಿಲ್ ಸ್ಪ್ರಿಂಗ್ ಆಕ್ಸಲ್ ತೆಗೆದುಕೊಳ್ಳಿ ಎಂದಿದ್ದಾರೆ. ಅದು ಚೆನ್ನಾಗಿ ತಿರುಗುತ್ತದೆ, ನಿಜ. ಆದರೆ ಅದರ ಎಂಟು ಬೋಲ್ಟಿನ ವೃತ್ತ 170 ಮಿಮೀ, ನಿಮ್ಮದು ಆರೂವರೆ ಇಂಚು, ಅಂದರೆ 165.1 ಮಿಮೀ. ಕಣ್ಣಿಗೆ ಒಂದೇ ಅನಿಸುತ್ತದೆ, ಚಕ್ರ ಕೂರುವುದಿಲ್ಲ. ಹಿಂದಿನ ಆಕ್ಸಲನ್ನೂ ಬದಲಿಸುವ ಮನಸ್ಸಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಬಿಡಿಭಾಗಗಳ ವಿಚಾರದಲ್ಲಿ ನಾನು ಹಠಮಾರಿ: ಯುನಿವರ್ಸಲ್ ಜಾಯಿಂಟ್ ಸ್ಪೈಸರ್, ಬೇರಿಂಗ್ ಟಿಮ್ಕೆನ್, ಹಬ್ ವಾರ್ನ್. ಹೆಸರಿಲ್ಲದ ಡಬ್ಬಿಯಲ್ಲಿ ಬಂದ ಅಗ್ಗದ ಕಿಂಗ್‌ಪಿನ್ ಕಿಟ್ ಒಂದರ ಬುಷ್ ನನ್ನ ಗೆಳೆಯನ ಗಾಡಿಯಲ್ಲಿ ಒಂದು ಚಳಿಗಾಲವನ್ನೂ ದಾಟಲಿಲ್ಲ.

ಊರಿನಲ್ಲಿರುವ ತಮ್ಮನ ಗಾಡಿಗೂ ಹೀಗೆ ಮಾಡಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂತಹ ಮಾರ್ಪಾಡಿಗೆ ಅಡ್ಡ ಬರುತ್ತದೆ. ಸಾಲಿಡ್ ಆಕ್ಸಲ್ ಬೇಕೇ ಬೇಕು ಎನ್ನುವವರಿಗೆ ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಓಡುವ ಹಳೆಯ ಮಹೀಂದ್ರ ಜೀಪುಗಳಿವೆ, ಅವುಗಳಿಗೆ ಅದು ಹುಟ್ಟಿನಿಂದಲೇ ಬಂದಿದೆ.

ಚಾಸಿಗೆ ಹ್ಯಾಂಗರ್‌ಗಳನ್ನು ಬೆಸುಗೆ ಹಾಕಬೇಡಿ, ಹಳೆಯ ರಿವೆಟ್ ಕೊರೆದು ತೆಗೆದು ಗ್ರೇಡ್ 8 ಬೋಲ್ಟ್ ಹಾಕಿ. ಬೇರೆಲ್ಲಿಯಾದರೂ ಬೆಸುಗೆ ಅನಿವಾರ್ಯವಾದರೆ ಎರಡೂ ಬ್ಯಾಟರಿಗಳನ್ನು ಕಳಚಿರಿ. ಒಂದನ್ನು ಕಳಚಿ ಇನ್ನೊಂದನ್ನು ಮರೆತು ಆಲ್ಟರ್ನೇಟರ್ ಸುಟ್ಟವರ ಪೈಕಿ ನಾನೂ ಒಬ್ಬ. ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಅಳತೆಯನ್ನು ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆಯೇ ಕೊಡಿ. ಬ್ರೇಕ್ ಪೈಪುಗಳನ್ನು ಮಾತ್ರ ಆಕ್ಸಲ್ ಪೂರ್ತಿ ಕೆಳಗೆ ನೇತಾಡುವಾಗ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಅಳೆಯಿರಿ. ಮೊದಲ ನೂರು ಮೈಲಿ ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ.