ಓದುಗರ ಪ್ರಶ್ನೆ: ಎದೆಯ ಗಂಟು, ತಪಾಸಣೆ, ಸೂಜಿ ಪರೀಕ್ಷೆ

ಸ್ತನ ಕ್ಯಾನ್ಸರ್ ತಪಾಸಣೆಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಲಾಗಿದೆ. ಹೆಸರುಗಳನ್ನು ಬಿಟ್ಟಿದ್ದೇವೆ.

ನಾನು ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಸಿಬ್ಯಾಕ್ ಫಾರ್ಮ್ (ಯಾರಿಗೆ ತಪಾಸಣೆ ಬೇಕೆಂದು ತಿಳಿಯಲು ಕೇಳುವ ಆರೋಗ್ಯ ಪ್ರಶ್ನೆಗಳ ಪಟ್ಟಿ) ತುಂಬುವಾಗ ‘ಎದೆಯಲ್ಲಿ ಗಂಟು ಇದೆಯಾ’ ಅಂತ ಕೇಳಿದರೆ ಎಲ್ಲರೂ ‘ಏನಿಲ್ಲವ್ವ, ಬರಕೋ’ ಅಂತಾರೆ. ಅತ್ತೆ, ಗಂಡ ಎದುರಿಗೇ ಕೂತಿರುತ್ತಾರೆ. ಹೇಗೆ ಕೇಳಬೇಕು? ನಾವೇ ಮುಟ್ಟಿ ನೋಡಬಹುದಾ?
— ಸಿಂಧನೂರು ತಾಲ್ಲೂಕು

ಮುಟ್ಟಿ ನೋಡುವುದು ನಿಮ್ಮ ಕೆಲಸವಲ್ಲ. ಅದು ಆಯುಷ್ಮಾನ್ ಆರೋಗ್ಯ ಮಂದಿರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ನರ್ಸ್ ಅಥವಾ ವೈದ್ಯರ ಕೆಲಸ. 30ರಿಂದ 65 ವರ್ಷದ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ಈ ಕೈಪರೀಕ್ಷೆ ಆಗಬೇಕೆಂದು ರಾಷ್ಟ್ರೀಯ ಕಾರ್ಯಕ್ರಮವೇ ಹೇಳುತ್ತದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಕೇಳುವ ಬಗೆಗೆ ಬರೋಣ. ಬಿಪಿ, ಶುಗರ್ ಪ್ರಶ್ನೆಗಳನ್ನು ಪಡಸಾಲೆಯಲ್ಲೇ ಮುಗಿಸಿ, ಆಮೇಲೆ ‘ನೀರು ಕೊಡವ್ವ’ ಅಂತ ಅಡುಗೆಮನೆಗೆ ಹೋಗಿ. ‘ಗಂಟು ಇದೆಯಾ’ ಎಂದರೆ ‘ಇಲ್ಲ’ ಅಂದುಬಿಡುವುದು ಸುಲಭ. ‘ಜಳಕ ಮಾಡುವಾಗ ಸೋಪಿನ ಕೈಗೆ ಏನಾದರೂ ಗಟ್ಟಿ ಹತ್ತುತ್ತದಾ? ಕುಪ್ಪಸ ಒಂದೇ ಕಡೆ ಬಿಗಿ ಆಗಿದೆಯಾ? ಒಳಬಟ್ಟೆಗೆ ರಕ್ತದ ಕಲೆ ಆಗುತ್ತದಾ? ಮೊಲೆತೊಟ್ಟು ಈಚೆಗೆ ಒಳಕ್ಕೆ ಹೋಗಿದೆಯಾ?’ ಎಂದು ಕೇಳಿ. ‘ನೋವಿಲ್ಲ, ಅದಕ್ಕೇ ಬಿಟ್ಟೆ’ ಎಂದು ಯಾರಾದರೂ ಹೇಳಿದರೆ ಅವರನ್ನೇ ಮೊದಲು ಕರೆದುಕೊಂಡು ಹೋಗಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಬಹುಪಾಲು ನೋಯುವುದೇ ಇಲ್ಲ.

ಫಾರ್ಮಿನಲ್ಲಿ ಒಂದು ಎಡವಟ್ಟು ಆಗುತ್ತದೆ. ‘ಎ’ ಭಾಗದಲ್ಲಿ 4ಕ್ಕಿಂತ ಹೆಚ್ಚು ಅಂಕ ಬಂದವರನ್ನಷ್ಟೇ ಕಳಿಸಿ ಉಳಿದವರನ್ನು ಬಿಡುತ್ತಾರೆ. ಆ ಅಂಕ ಯಾರನ್ನು ಮೊದಲು ಕರೆಯಬೇಕು ಎಂಬುದಕ್ಕೆ ಮಾತ್ರ. ‘ಬಿ’ ಭಾಗದಲ್ಲಿ ಗಂಟು, ರಕ್ತಸ್ರಾವ, ಆಕಾರ ಬದಲು, ಇವುಗಳಲ್ಲಿ ಒಂದಕ್ಕೆ ‘ಹೌದು’ ಬಂದರೂ ಸಾಕು, ‘ಎ’ ಭಾಗದ ಅಂಕ ಎಷ್ಟೇ ಕಡಿಮೆಯಿರಲಿ, ಅವರನ್ನು ತಡಮಾಡದೆ ವೈದ್ಯಾಧಿಕಾರಿ ಇರುವ ಕಡೆಗೆ ಕಳಿಸಬೇಕು.

ಪರೀಕ್ಷೆ ಸರಿಯಾಗಿ ಆಯಿತೋ ಇಲ್ಲವೋ ಎಂದು ನೀವು ಹೊರಗಿನಿಂದಲೇ ಊಹಿಸಬಹುದು. ಒಳಹೋದ ಹೆಂಗಸು ಎರಡು ನಿಮಿಷಕ್ಕೆ ಹೊರಬಂದರೆ ಆಗಿಲ್ಲ. ಮೊದಲು ಕೂರಿಸಿ, ಕೈ ಇಳಿಬಿಟ್ಟು, ಸೊಂಟಕ್ಕೆ ಒತ್ತಿ, ತಲೆ ಮೇಲೆತ್ತಿ, ಹೀಗೆ ಮೂರು ಭಂಗಿಯಲ್ಲಿ ಕಣ್ಣಿನಿಂದ ನೋಡಬೇಕು. ಚರ್ಮ ಗುಳಿಬೀಳುವುದು ಕಾಣುವುದು ಆಗಲೇ. ನಂತರ ಮಲಗಿಸಿ, ಭುಜದ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ನಡುವಿನ ಮೂರು ಬೆರಳುಗಳ ಮೆತ್ತನೆ ಭಾಗದಿಂದ ಸಣ್ಣ ಸುತ್ತು ಹಾಕುತ್ತ, ಪ್ರತಿ ಜಾಗದಲ್ಲೂ ಹಗುರ, ಮಧ್ಯಮ, ಆಳ ಎಂದು ಮೂರು ಒತ್ತಡ ಕೊಟ್ಟು, ಕಂಕುಳಿನಿಂದ ಎದೆಮೂಳೆಯವರೆಗೆ, ಕೊರಳ ಕೆಳಗಿನ ಅಡ್ಡ ಎಲುಬಿನಿಂದ ಸ್ತನದ ಕೆಳಗಿನ ಮಡಿಕೆವರೆಗೆ ಸಾಲುಸಾಲಾಗಿ ನೋಡಬೇಕು. ಒಂದೊಂದು ಕಡೆಗೂ ಸುಮಾರು ಮೂರು ನಿಮಿಷ ಬೇಕು. ಬೆರಳಿನಿಂದ ಚಿವುಟಿ ಹಿಡಿದರೆ ಸರಿಯಿದ್ದ ಅಂಗಾಂಶವೂ ಗಂಟಿನಂತೆ ಸಿಗುತ್ತದೆ. ಕುಪ್ಪಸದ ಮೇಲೆ ಮುಟ್ಟಿದರೆ ಇರುವ ಗಂಟೂ ಸಿಗುವುದಿಲ್ಲ. ಕಂಕುಳನ್ನು ಬಿಟ್ಟುಬಿಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು.

ಮಗುವಿಗೆ ಏಳು ತಿಂಗಳು. ಎಡಗಡೆ ಗಟ್ಟಿ ಇದೆ. ‘ಹಾಲು ಕಟ್ಟಿದೆ, ಮಗು ಕುಡಿದರೆ ಕರಗುತ್ತದೆ’ ಎನ್ನುತ್ತಾರೆ ಅಮ್ಮ. ಎರಡು ತಿಂಗಳಾಯಿತು.
— ಶಿರಾ

ಅಮ್ಮ ಹೇಳಿದ್ದು ಹೆಚ್ಚಿನ ಸಂದರ್ಭಗಳಲ್ಲಿ ನಿಜ. ಆದರೆ ಹಾಲಿನ ಗಂಟು ಹಾಲು ತೆಗೆದ ಮೇಲೆ ಮೆದುವಾಗಬೇಕು, ದಿನಗಳಲ್ಲಿ ಕರಗಬೇಕು. ಎರಡು ವಾರದ ನಂತರವೂ ಅದೇ ಜಾಗದಲ್ಲಿ ಅಷ್ಟೇ ಗಟ್ಟಿಯಾಗಿದ್ದರೆ ಅದನ್ನು ಹಾಲಿನ ಲೆಕ್ಕಕ್ಕೆ ಬರೆಯಬೇಡಿ. ಈ ವಾರವೇ ಅಲ್ಟ್ರಾಸೌಂಡ್ ಮಾಡಿಸಿ. ಹಾಲೂಡಿಸುವಾಗ ಅಲ್ಟ್ರಾಸೌಂಡ್, ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ), ಸೂಜಿ ಪರೀಕ್ಷೆ ಮೂರನ್ನೂ ಮಾಡಬಹುದು, ಹಾಲು ಬಿಡಿಸಬೇಕಿಲ್ಲ. ಪರೀಕ್ಷೆಗೆ ಮುಂಚೆ ಮಗುವಿಗೆ ಕುಡಿಸಿ ಹೋದರೆ ಚಿತ್ರ ಚೆನ್ನಾಗಿ ಬರುತ್ತದೆ. ಎದೆ ಕೆಂಪಾಗಿ, ಚರ್ಮ ಕಿತ್ತಳೆ ಸಿಪ್ಪೆಯಂತಾಗಿ, ಆ್ಯಂಟಿಬಯಾಟಿಕ್‌ಗೆ ಜಗ್ಗದಿದ್ದರೆ ಮಾತ್ರೆಯ ಎರಡನೇ ಕೋರ್ಸಿಗೆ ಒಪ್ಪಿಕೊಂಡು ಬರಬೇಡಿ, ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ಕೇಳಿ.

ವಯಸ್ಸು 47. ರಿಪೋರ್ಟಿನಲ್ಲಿ ‘ಬೈ-ರ್ಯಾಡ್ಸ್ 4ಬಿ’ ಎಂದಿದೆ. ಸೂಜಿ ಹಾಕಿ ತುಣುಕು ತೆಗೆಯಬೇಕಂತೆ. ಸೂಜಿ ಚುಚ್ಚಿದರೆ ಹರಡುತ್ತದೆ ಎಂದು ಮನೆಯವರು ಬಿಡುತ್ತಿಲ್ಲ. ಇನ್ನೊಬ್ಬ ಡಾಕ್ಟರು ಗಂಟನ್ನೇ ಪೂರ್ತಿ ತೆಗೆದುಬಿಡೋಣ ಎನ್ನುತ್ತಾರೆ.
— ದಾವಣಗೆರೆ

ಬೈ-ರ್ಯಾಡ್ಸ್ ಎಂದರೆ ಸ್ತನದ ಚಿತ್ರ ನೋಡಿ ಕ್ಯಾನ್ಸರಿನ ಅನುಮಾನ ಎಷ್ಟೆಂದು ಹೇಳುವ ಅಂಕಿ. 4ಬಿ ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 10ರಿಂದ 50ರ ನಡುವೆ. ಕ್ಯಾನ್ಸರ್ ಇದ್ದೇ ಇದೆ ಎಂದಲ್ಲ, ತುಣುಕು ತೆಗೆಯದೆ ಹೇಳಲಾಗದು ಎಂದು. (0 ಎಂದು ಬಂದವರು ‘ಸೊನ್ನೆ, ಏನೂ ಇಲ್ಲ’ ಎಂದು ಸುಮ್ಮನಾಗುತ್ತಾರೆ. ಅದು ‘ಚಿತ್ರ ಸಾಲದು, ಮತ್ತೆ ತೆಗೆಯಿರಿ’ ಎಂದರ್ಥ. 1 ಮತ್ತು 2 ನಿರಾಳ. 3 ಬಂದರೆ ಆರು ತಿಂಗಳಿಗೆ ಮತ್ತೆ ನೋಡಬೇಕು.)

ಕೋರ್ ಬಯಾಪ್ಸಿಯಿಂದ (ಸೂಜಿ ಹಾಕಿ ತುಣುಕು ತೆಗೆಯುವುದರಿಂದ) ರೋಗ ಮೈಗೆಲ್ಲ ಹರಡಿ ಆಯಸ್ಸು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಈ ನಂಬಿಕೆಗೆ ಕಾರಣವೂ ಇದೆ: ತಡವಾಗಿ ಬಂದವರಿಗೆ ಸೂಜಿ ಹಾಕಿದ ಸ್ವಲ್ಪ ದಿನಕ್ಕೇ ಕಾಯಿಲೆ ಎಷ್ಟು ಮುಂದುವರಿದಿದೆ ಎಂಬುದು ಗೊತ್ತಾಗುತ್ತದೆ. ಸೂಜಿಯೇ ತಂದಿತು ಎಂದು ಊರು ಮಾತಾಡುತ್ತದೆ.

ಗಂಟನ್ನು ಮೊದಲೇ ಕತ್ತರಿಸಿ ತೆಗೆಯುವುದನ್ನು ನಾವು ಖಂಡಿತ ಬೇಡವೆನ್ನುತ್ತೇವೆ. ಅದು ಕ್ಯಾನ್ಸರ್ ಆಗಿದ್ದರೆ ಸುತ್ತ ಎಷ್ಟು ಬಿಟ್ಟು ತೆಗೆಯಬೇಕು, ಕಂಕುಳಿನ ಗ್ರಂಥಿಗಳನ್ನು ಏನು ಮಾಡಬೇಕು, ಮೊದಲು ಕಿಮೊ ಕೊಟ್ಟು ಗಂಟು ಕುಗ್ಗಿಸಬೇಕೆ ಎಂಬುದೆಲ್ಲ ಯೋಚಿಸುವ ಮೊದಲೇ ಕತ್ತಿ ಓಡಿರುತ್ತದೆ. ಹೆಚ್ಚಿನವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ, ಸ್ತನ ಉಳಿಸಿಕೊಳ್ಳುವ ಅವಕಾಶವೂ ಕೈತಪ್ಪಬಹುದು.

ಬಯಾಪ್ಸಿಗೆ ಮಲಗಬೇಕಾದದ್ದು ಅರ್ಧ ಗಂಟೆ. ಜಾಗ ಮರಗಟ್ಟಿಸಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಮೂರರಿಂದ ಐದು ತುಣುಕು ತೆಗೆಯುತ್ತಾರೆ. ಹೊಲಿಗೆ ಇಲ್ಲ, ಅಂದೇ ಮನೆಗೆ ಬರಬಹುದು. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆ ಇದ್ದರೆ ಮುಂಚೆಯೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಸಂಗತಿಯನ್ನು ಆಸ್ಪತ್ರೆಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಎಷ್ಟೋ ಊರುಗಳಲ್ಲಿ ಆ ತುಣುಕಿನ ಬಾಟಲಿಯನ್ನು ಲ್ಯಾಬಿಗೆ ಒಯ್ಯುವವರು ರೋಗಿಯ ಕಡೆಯವರೇ. ಬಾಟಲಿಯಲ್ಲಿರುವುದು ಶೇ 10ರ ಫಾರ್ಮಲಿನ್ ಆಗಿರಬೇಕು, ಸಲೈನ್ ಅಲ್ಲ. ಸಲೈನಿನಲ್ಲಿ ಅಂಗಾಂಶ ಕೊಳೆಯುತ್ತದೆ. ತುಣುಕು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಹೆಚ್ಚುಕಡಿಮೆಯಾದರೆ ಇಆರ್, ಪಿಆರ್, ಹರ್-2 ಪರೀಕ್ಷೆಗಳು ತಪ್ಪು ಉತ್ತರ ಕೊಡಬಹುದು, ಔಷಧಿ ನಿರ್ಧಾರವಾಗುವುದು ಅವುಗಳ ಮೇಲೆಯೇ. ಹೆಸರಿನ ಚೀಟಿ ಮುಚ್ಚಳದ ಮೇಲಲ್ಲ, ಬಾಟಲಿಯ ಮೈಮೇಲಿರಲಿ. ಶನಿವಾರ ಸಂಜೆ ತೆಗೆಸಿ ಸೋಮವಾರದವರೆಗೆ ಚೀಲದಲ್ಲಿಟ್ಟುಕೊಳ್ಳುವ ಬದಲು ವಾರದ ನಡುವೆ ಮಾಡಿಸಿ.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋಗಿ ಆಮೇಲೆ ಪರದಾಡುವವರು ಬಹಳ. ಜಿಲ್ಲಾಸ್ಪತ್ರೆಯಿಂದ ಮೊದಲೇ ಬರೆಸಿಕೊಳ್ಳಿ.

ನನಗೆ 34. ಲ್ಯಾಬಿನವರ ‘ಮಹಿಳಾ ಪ್ಯಾಕೇಜ್’ನಲ್ಲಿ ಸಿಎ 15-3 ರಕ್ತಪರೀಕ್ಷೆ ಇದೆ. ಅದು ನಾರ್ಮಲ್ ಬಂದರೆ ಮ್ಯಾಮೊಗ್ರಾಂ ಬೇಡವಲ್ಲ?
— ಬೆಂಗಳೂರು

ಸಿಎ 15-3 ತಪಾಸಣೆಯ ಪರೀಕ್ಷೆಯೇ ಅಲ್ಲ. ಆರಂಭದ ಕ್ಯಾನ್ಸರಿನಲ್ಲಿ ಅದು ಹೆಚ್ಚಿನವರಿಗೆ ನಾರ್ಮಲ್ ಇರುತ್ತದೆ, ಲಿವರ್ ತೊಂದರೆ ಇದ್ದವರಿಗೆ ಸುಮ್ಮನೆ ಏರಬಹುದು. ಆ ದುಡ್ಡು ಉಳಿಸಿ. ಶಾಖದ ಚಿತ್ರ ತೆಗೆದು ‘ನೋವಿಲ್ಲ, ವಿಕಿರಣವಿಲ್ಲ’ ಎನ್ನುವ ಥರ್ಮೋಗ್ರಫಿಯೂ ಮ್ಯಾಮೊಗ್ರಾಂಗೆ ಬದಲಿ ಅಲ್ಲ. ತೊಂದರೆಯೂ ಇಲ್ಲ, ಮನೆತನದಲ್ಲಿ ರೋಗವೂ ಇಲ್ಲ ಎಂದಾದರೆ 34ಕ್ಕೆ ಮ್ಯಾಮೊಗ್ರಾಂ ಬೇಕಿಲ್ಲ, ಕೈಪರೀಕ್ಷೆ ಸಾಕು. ತಾಯಿ ಅಥವಾ ಅಕ್ಕನಿಗೆ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು ಶುರುಮಾಡುವುದು ವಾಡಿಕೆ. ಲೆಕ್ಕ ಹಾಕುವಾಗ ಅಪ್ಪನ ಕಡೆಯ ಅತ್ತೆ, ಅಜ್ಜಿಯನ್ನೂ ಸೇರಿಸಿ. ಬಿಆರ್‌ಸಿಎ ಜೀನಿನ ದೋಷ (ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವಂಥದ್ದು) ಅಪ್ಪನಿಂದಲೂ ಬರುತ್ತದೆ.

ಮ್ಯಾಮೊಗ್ರಾಂ ತುಂಬಾ ನೋವಂತೆ, ಹೌದಾ? (52 ವರ್ಷ)
— ಕುಂದಾಪುರ

ಒತ್ತುತ್ತದೆ, ಹೌದು. ಆದರೆ ಒಂದೊಂದು ಒತ್ತು ಕೆಲವೇ ಸೆಕೆಂಡ್, ಒಂದೊಂದು ಕಡೆಗೆ ಎರಡು ಚಿತ್ರ. ಒತ್ತದಿದ್ದರೆ ಚಿತ್ರ ಮಸುಕಾಗಿ ಮತ್ತೆ ಮಾಡಬೇಕಾಗುತ್ತದೆ. ಮುಟ್ಟು ಇನ್ನೂ ಇದ್ದರೆ ಅದು ಶುರುವಾದ ಏಳರಿಂದ ಹತ್ತು ದಿನದ ಹೊತ್ತಿಗೆ ಹೋಗಿ, ಆಗ ನೋವು ಕಡಿಮೆ. ಅಂದು ಎದೆ, ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಚ್ಚಬೇಡಿ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಕಂಡು ಗೊಂದಲವಾಗುತ್ತದೆ. ಕರಿಮಣಿ ತೆಗೆಯಬೇಕಾಗುತ್ತದೆ, ಮನಸ್ಸಿಗೆ ಕಿರಿಕಿರಿಯಾದರೆ ಬೆನ್ನ ಕಡೆಗೆ ಸರಿಸಬಹುದೇ ಎಂದು ಕೇಳಿ. ಹಳೆಯ ಫಿಲ್ಮು, ಸಿ.ಡಿ. ಇದ್ದರೆ ಮರೆಯದೆ ಒಯ್ಯಿರಿ. ಕೈಗೆ ಗಂಟು ಸಿಗುತ್ತಿದ್ದರೆ ಮ್ಯಾಮೊಗ್ರಾಂ ನಾರ್ಮಲ್ ಬಂದರೂ ಅಲ್ಲಿಗೆ ಬಿಡಬೇಡಿ. ಹತ್ತು ಕ್ಯಾನ್ಸರಿನಲ್ಲಿ ಒಂದೆರಡನ್ನು ಆ ಯಂತ್ರ ಕಾಣುವುದಿಲ್ಲ.

ನಮ್ಮ ಸ್ತ್ರೀಶಕ್ತಿ ಒಕ್ಕೂಟ ಅಕ್ಟೋಬರಿನಲ್ಲಿ ಮ್ಯಾಮೊಗ್ರಾಂ ವ್ಯಾನ್ ತರಿಸಿ ಶಿಬಿರ ಮಾಡಬೇಕೆಂದಿದೆ. ದಿನಕ್ಕೆ 200 ಮಂದಿಯ ಗುರಿ. ಏನೇನು ನೋಡಿಕೊಳ್ಳಬೇಕು?
— ಬ್ಯಾಡಗಿ

200 ಎಂಬ ಸಂಖ್ಯೆಯನ್ನು ಬ್ಯಾನರಿನಿಂದ ತೆಗೆಯಿರಿ. ಬಟ್ಟೆ ಸಡಿಲಿಸಿ, ನೋಡಿ, ಮುಟ್ಟಿ, ವಿವರಿಸಿ ಬರೆದುಕೊಳ್ಳಲು ಒಬ್ಬರಿಗೆ 12ರಿಂದ 15 ನಿಮಿಷ ಬೇಕು. ಒಬ್ಬ ನರ್ಸ್ ಆರು ಗಂಟೆಯಲ್ಲಿ ನೋಡಬಲ್ಲದ್ದು 24ರಿಂದ 30 ಮಂದಿ.

ವ್ಯಾನಿನವರಿಗೆ ಒಪ್ಪಿಗೆ ಕೊಡುವ ಮುಂಚೆ ನಾಲ್ಕು ಮಾತು ಕೇಳಿ: ಚಿತ್ರ ಓದುವ ರೇಡಿಯಾಲಜಿಸ್ಟ್ ಯಾರು, ರಿಪೋರ್ಟ್ ಎಷ್ಟು ದಿನಕ್ಕೆ, ಅನುಮಾನ ಬಂದವರಿಗೆ ಫೋನ್ ಮಾಡುವವರು ಯಾರು, ಬಯಾಪ್ಸಿ ಎಲ್ಲಿ. ಕೊನೆಯದಕ್ಕೆ ಉತ್ತರವಿಲ್ಲದಿದ್ದರೆ ಶಿಬಿರ ಮುಂದೂಡಿ. ಗಂಟಿದೆ ಎಂದು ಹೇಳಿ ಕೈಬಿಡುವುದಕ್ಕಿಂತ ಶಿಬಿರ ಮಾಡದಿರುವುದೇ ಮೇಲು. ಪತ್ತೆಯಾದಾಗಿನಿಂದ 60 ದಿನದೊಳಗೆ ರೋಗನಿರ್ಣಯ ಮುಗಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗುರಿಯಿಟ್ಟಿದೆ, ನೀವು 30 ದಿನ ಇಟ್ಟುಕೊಳ್ಳಿ. ಬಯಾಪ್ಸಿಗೆ ಹುಬ್ಬಳ್ಳಿ ಹತ್ತಿರವಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್, ಕ್ಯಾನ್ಸರಿನಂಥ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ನವರನ್ನು ಮೊದಲೇ ಸೇರಿಸಿಕೊಂಡರೆ ರೆಫರಲ್ ಪತ್ರ ಅಲ್ಲೇ ಆಗುತ್ತದೆ.

ವ್ಯಾನ್ ಸಿಗದಿದ್ದರೆ ಕೊರಗಬೇಡಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ ಒಂದೂವರೆ ಲಕ್ಷ ಮಹಿಳೆಯರಿದ್ದರು. ಅರ್ಧ ಜನರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಪರೀಕ್ಷೆ ಮಾಡಿದರು. 2021ರಲ್ಲಿ ಬಂದ ಫಲಿತಾಂಶದಂತೆ ಗಂಟುಗಳು ಮೊದಲ ಹಂತಗಳಲ್ಲೇ ಸಿಕ್ಕವು, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ 30ರಷ್ಟು ಇಳಿಯಿತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಹಾಗಾಗಿ 50 ದಾಟಿದ ಅಜ್ಜಿಯರನ್ನು ‘ಇನ್ನೇನು ಬಿಡು’ ಎಂದು ಮನೆಯಲ್ಲಿ ಕೂರಿಸಬೇಡಿ, ಅವರನ್ನೇ ಮೊದಲು ಕರೆತನ್ನಿ.

ಕೂಲಿ ತಪ್ಪದ ದಿನ ಆರಿಸಿ. ಅಮಾವಾಸ್ಯೆಗೆ ಹೊಲದ ಕೆಲಸ ನಿಲ್ಲುವ ಊರಾದರೆ ಅಂದೇ ಇಡಿ. ಕಿಟಕಿಗೆ ಪರದೆ, ಒಳಗೆ ಚಿಲಕ. ದಾಖಲೆ ಪುಸ್ತಕದಲ್ಲಿ ಫೋನ್ ನಂಬರಿನ ಪಕ್ಕ ‘ಯಾರು ಎತ್ತುತ್ತಾರೆ’ ಎಂಬ ಕಾಲಂ ಹಾಕಿ. ನಂಬರ್ ಗಂಡನದೋ ಮಗನದೋ ಆಗಿದ್ದರೆ ಸುದ್ದಿ ಅಲ್ಲೇ ನಿಂತುಬಿಡುತ್ತದೆ.

ಗಂಡಸರಿಗೂ ಬರುತ್ತದಾ? ತೊಟ್ಟಿನ ಹಿಂದೆ ಸಣ್ಣ ಗಂಟಿದೆ. (61 ವರ್ಷ)
— ಗೋಕಾಕ

ಅಪರೂಪ, ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಗಂಡಸರು ಸುಮಾರು ಒಬ್ಬರು. ಆದರೂ ನಿಮ್ಮ ವಯಸ್ಸಿಗೆ ಒಂದೇ ಕಡೆ, ತೊಟ್ಟಿನ ಹಿಂದೆ ಗಟ್ಟಿ ಗಂಟು ಎಂದರೆ ತೋರಿಸಲೇಬೇಕು. ಸರ್ಜನ್ ಬಳಿ ಹೋಗಿ. ಪರೀಕ್ಷೆಗಳು ಹೆಂಗಸರಿಗೆ ಮಾಡುವವೇ. ‘ಹೆಂಗಸರ ಕೋಣೆ’ ಎಂದು ಬಾಗಿಲಲ್ಲಿ ತಡೆದರೆ ಡಾಕ್ಟರರ ಚೀಟಿ ತೋರಿಸಿ ಒಳಗೆ ಹೋಗಿ.