ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಟೈಕೊ ಶಾಲೆಯ ವರ್ಷಾಂತ್ಯದ ಸಂಜೆ

ಪ್ರಶ್ನೆ: ನನ್ನ ಮಗಳ ಸಂಸಾರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಹತ್ತು ವರ್ಷದ ಮೊಮ್ಮಗಳು ಅಲ್ಲಿ ಟೈಕೊ ಎಂಬ ಜಪಾನಿ ಡೋಲು ಕಲಿಯುತ್ತಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ಅವಳ ಶಾಲೆಯ ವರ್ಷಾಂತ್ಯದ ಸಮಾರಂಭಕ್ಕೆ ಹೋಗಿದ್ದೆ. ಅವಳು ದೊಡ್ಡ ಡೋಲನ್ನು ಬಾರಿಸುತ್ತಾಳೆಂದು ಕಾದಿದ್ದರೆ, ಒಂದು ಬದಿಯಲ್ಲಿ ಕುಳಿತು ಪುಟ್ಟ ವಾದ್ಯವೊಂದರ ಮೇಲೆ ಮೊದಲಿನಿಂದ ಕೊನೆಯವರೆಗೆ ಒಂದೇ ಬಗೆಯ ಪೆಟ್ಟು ಹಾಕಿದಳು. ಅವಳಿಗೆ ಸರಿಯಾದ ಅವಕಾಶ ಸಿಗಲಿಲ್ಲವೇ? ನಡುನಡುವೆ ಎಲ್ಲರೂ ಕೂಗುವುದೇಕೆ? ಸಾವಿರಾರು ವರ್ಷಗಳ ಈ ಕಲೆಯಲ್ಲಿ ಇದೇ ಕ್ರಮವೇ?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮೊಮ್ಮಗಳಿಗೆ ಸಿಕ್ಕಿದ್ದು ಆ ಸಂಜೆಯ ಅತ್ಯಂತ ಹೊಣೆಯ ಜಾಗ. ಆ ಪುಟ್ಟ ವಾದ್ಯದ ಹೆಸರು ಶಿಮೆ-ಡೈಕೊ. ಅದರ ಚರ್ಮವನ್ನು ಬಹಳ ಬಿಗಿಯಾಗಿ ಎಳೆದು ಕಟ್ಟಿರುವುದರಿಂದ ಅದರ ನಾದ ಏರು ಶ್ರುತಿಯಲ್ಲಿದ್ದು, ಹತ್ತು ದೊಡ್ಡ ಡೋಲುಗಳು ಒಟ್ಟಿಗೆ ಮೊಳಗುವಾಗಲೂ ಅದೊಂದು ಬೇರೆಯಾಗಿಯೇ ಕೇಳಿಸುತ್ತದೆ. ಅದರ ಮೇಲೆ ಬಿಡದೆ ನಡೆಯುವ ಪೆಟ್ಟಿಗೆ ಜಪಾನಿ ಭಾಷೆಯಲ್ಲಿ 'ಜಿ' ಎನ್ನುತ್ತಾರೆ. ಆ ಪದಕ್ಕೆ ನೆಲ ಎಂದೇ ಅರ್ಥ. ಉಳಿದವರೆಲ್ಲ ಆ ನೆಲದ ಮೇಲೆ ನಿಂತು ಬಾರಿಸುತ್ತಾರೆ. ದೊಡ್ಡ ಡೋಲಿನವನು ಒಂದು ಪೆಟ್ಟು ತಪ್ಪಿದರೆ ಸಭೆಗೆ ತಿಳಿಯದೆಯೂ ಹೋಗಬಹುದು, ಆದರೆ ಶಿಮೆಯ ಮುಂದೆ ಕುಳಿತವರು ಓಡಿದರೆ ಇಡೀ ತಂಡ ಓಡುತ್ತದೆ, ಎಳೆದರೆ ಇಡೀ ತಂಡ ಎಳೆಯುತ್ತದೆ. ನಮ್ಮ ಸಂಗೀತ ಕಛೇರಿಯಲ್ಲಿ ತಂಬೂರಿ ಮೀಟುವವರನ್ನು ಯಾರೂ ಗಮನಿಸುವುದಿಲ್ಲ, ಅದರ ಶ್ರುತಿ ಕದಲಿದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಮುಂದಿನ ಬಾರಿ ಫೋನಿನಲ್ಲಿ ಮಾತನಾಡುವಾಗ ನೀವು ಅದನ್ನು ಗಮನಿಸಿದ್ದಿರೆಂದು ಆ ಮಗುವಿಗೆ ದಯವಿಟ್ಟು ಹೇಳಿ.

ಕೂಗಿಗೆ 'ಕಾಕೆಗೊಎ' ಎಂದು ಹೆಸರು. ನಮ್ಮ ಕಡೆಯ ವೀರಗಾಸೆಯ ಒಡಪಿನಂತೆ ಅದು ಕಥೆ ಹೇಳುವುದಿಲ್ಲ, ಬಹುಪಾಲು ಅದಕ್ಕೆ ಅರ್ಥವೂ ಇಲ್ಲ. ಒಬ್ಬರಿಗೊಬ್ಬರು ಸನ್ನೆ ಕೊಡುವುದು, ದಣಿದವರನ್ನು ಹುರಿದುಂಬಿಸುವುದು, ಎರಡು ಪೆಟ್ಟುಗಳ ನಡುವಿನ ಮೌನದ ಅಳತೆ ಕೆಡದಂತೆ ಕಾಯುವುದು ಅದರ ಕೆಲಸ. ಆ ಮೌನವನ್ನು ಅವರು 'ಮಾ' ಎಂದು ಕರೆದು, ಪೆಟ್ಟಿನಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಾರೆ.

ಸಾವಿರಾರು ವರ್ಷಗಳ ಕಲೆ ಎಂಬ ಮಾತನ್ನು ಮಾತ್ರ ಸ್ವಲ್ಪ ತಿದ್ದಬೇಕಾಗಿದೆ. ದೇವಾಲಯಗಳಲ್ಲೂ ಹಬ್ಬಗಳಲ್ಲೂ ನುಡಿಯುವ ಡೋಲು ಜಪಾನಿನಲ್ಲಿ ಬಹು ಪ್ರಾಚೀನವಾದುದೇ ಸರಿ. ಆದರೆ ಬೇರೆ ಬೇರೆ ಗಾತ್ರದ ಡೋಲುಗಳನ್ನು ಜೋಡಿಸಿ ತಂಡವಾಗಿ ವೇದಿಕೆಯ ಮೇಲೆ ಬಾರಿಸುವ, ನೀವು ನೋಡಿದ ಈ ರೂಪ ಹುಟ್ಟಿದ್ದು 1951ರಲ್ಲಿ. ನಾಗಾನೊ ಪ್ರಾಂತದ ಡೈಹಾಚಿ ಒಗುಚಿ ಎಂಬ ಜಾಜ್ ಡ್ರಮ್ ವಾದಕರು ಸುವಾ ದೇವಾಲಯದ ಹಳೆಯ ವಾದನವನ್ನು ಹೊಸದಾಗಿ ಹೊಂದಿಸುವಾಗ, ಒಬ್ಬನೇ ಬಾರಿಸುವುದನ್ನು ಹಲವರಿಗೆ ಹಂಚಿದರು. ಅಮೆರಿಕದಲ್ಲಿ ಸೆಯಿಚಿ ಟನಾಕಾ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1968ರಲ್ಲಿ ಶಾಲೆ ತೆರೆದರು. ಮರುವರ್ಷ ಲಾಸ್ ಏಂಜಲೀಸಿನ ಬೌದ್ಧ ಮಂದಿರವೊಂದರಲ್ಲಿ ಕಿನ್ನರ ಎಂಬ ತಂಡ ಹುಟ್ಟಿತು. ನಮಗೆ ಇಷ್ಟು ಪರಿಚಿತವಾದ ಆ ಹೆಸರನ್ನು ಅಲ್ಲಿ ಕಂಡಾಗ ನನಗಾದ ಸಂತೋಷವನ್ನು ಇಲ್ಲಿ ಹೇಳದೆ ಇರಲಾರೆ. ಇಡೀ ಮರದ ದಿಮ್ಮಿ ಕೊರೆದು ಮಾಡಿದ ಜಪಾನಿನ ಡೋಲುಗಳು ಕೈಗೆಟುಕದಿದ್ದಾಗ, ಆ ತಂಡದವರು ಹಳೆಯ ವೈನ್ ಪೀಪಾಯಿಗಳಿಗೆ ಚರ್ಮ ಹೊದಿಸಿ ಡೋಲು ಮಾಡಿಕೊಂಡರು. ನಿಮ್ಮ ಮೊಮ್ಮಗಳ ಶಾಲೆಯ ಡೋಲುಗಳ ಹೊಟ್ಟೆ ಪೀಪಾಯಿಯಂತೆ ಹಲಗೆ ಜೋಡಿಸಿದ್ದಾಗಿದ್ದರೆ, ಅದು ಆ ಕಾಲದಿಂದ ಬಂದ ಪದ್ಧತಿ.

ಪ್ರಶ್ನೆ: ಜಪಾನಿನಲ್ಲಿರುವ ಮಗ ಕಳುಹಿಸಿದ ವಿಡಿಯೊದಲ್ಲಿ ಟೈಕೊ ತರಗತಿಯವರು ವರ್ಷದ ಕೊನೆಗೆ ಒರಳಿನಲ್ಲಿ ಅನ್ನ ಕುಟ್ಟುತ್ತಿದ್ದರು. ಡೋಲಿಗೂ ಅದಕ್ಕೂ ಏನು ಸಂಬಂಧ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಅದು ಮೋಚಿ ಎಂಬ ತಿನಿಸು. ಹೊಸ ವರ್ಷಕ್ಕಾಗಿ ಅಂಟು ಗುಣದ ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಮರದ ಕೊಡತಿಯಿಂದ ಕುಟ್ಟುತ್ತಾರೆ. ಡೋಲಿನ ತರಗತಿಗೇ ಸೇರಿದ ಆಚರಣೆ ಅದಲ್ಲ, ಆದರೂ ತಾಳದ ಪಾಠ ಅದರಲ್ಲಿದೆ. ಒಬ್ಬರು ಕುಟ್ಟಿ ಕೊಡತಿ ಎತ್ತುವಷ್ಟರಲ್ಲಿ ಇನ್ನೊಬ್ಬರು ಒದ್ದೆ ಕೈಯನ್ನು ಒರಳಿಗೆ ಹಾಕಿ ಹಿಟ್ಟನ್ನು ಮಗುಚಿ ತೆಗೆಯಬೇಕು. ಇಬ್ಬರು ಎದುರುಬದುರು ನಿಂತು ಒಂದೇ ಒರಳಿನಲ್ಲಿ ಒನಕೆ ಹಾಕುವುದನ್ನು ನಮ್ಮ ಮಲೆನಾಡಿನ ಮನೆಗಳಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಕಡೂರಿನ ಬಳಿ ಮಕ್ಕಳಿಗೆ ಡೊಳ್ಳು ಕಲಿಸುತ್ತಿದ್ದೇನೆ. ಟೈಕೊ ಶಾಲೆಗಳಂತೆ ವರ್ಷಕ್ಕೊಮ್ಮೆ ಎಲ್ಲ ಮಕ್ಕಳನ್ನೂ ವೇದಿಕೆಗೆ ತರುವ ಆಸೆ. ಹೊಸಬರು ಹಳಬರ ಜೊತೆ ನಿಂತರೆ ಕಾರ್ಯಕ್ರಮ ಕೆಡುವುದಿಲ್ಲವೇ?
— ಡೊಳ್ಳು ಕಲಾವಿದರು, ಕಡೂರು ತಾಲ್ಲೂಕು

ಉತ್ತರ: ಕೆಡುವುದಿಲ್ಲ, ಹೊಸಬರಿಗಾಗಿಯೇ ಜಾಗ ಮಾಡಿ ಕಾರ್ಯಕ್ರಮವನ್ನು ಕಟ್ಟಬೇಕು, ಅಷ್ಟೇ. ಟೈಕೊದಲ್ಲಿ 'ಒರೊಶಿ' ಎಂಬುದೊಂದಿದೆ: ಬಹಳ ವಿಳಂಬವಾದ ಬಿಡಿ ಪೆಟ್ಟುಗಳಿಂದ ಆರಂಭಿಸಿ, ಅಂತರವನ್ನು ಸ್ವಲ್ಪಸ್ವಲ್ಪವಾಗಿ ಕಿರಿದು ಮಾಡುತ್ತ, ಕೊನೆಗೆ ಒಂದೇ ಮೊರೆತವಾಗುವವರೆಗೆ ಒಯ್ಯುವುದು. ಮೂರು ತಿಂಗಳ ಹಿಂದೆ ಕೋಲು ಹಿಡಿದ ಮಗುವೂ ಅದನ್ನು ಬಾರಿಸಬಲ್ಲದು, ಮೂವತ್ತು ವರ್ಷ ಬಾರಿಸಿದವರಿಗೂ ಅದು ಸುಲಭವಲ್ಲ. ಅಂಥದ್ದೊಂದರಿಂದ ನಿಮ್ಮ ಸಂಜೆಯನ್ನು ಆರಂಭಿಸಿ. ಆಮೇಲೆ ಹೊಸಬರಿಗೆ ಕದಲದ ಒಂದು ನಡೆಯನ್ನು ಕೊಟ್ಟು, ಹಳಬರು ಅದರ ಮೇಲೆ ತಮ್ಮ ಗತ್ತುಗಳನ್ನು ಹಾಕಲಿ.

ಅದಕ್ಕೂ ಮೊದಲು ಬಾಯಿಯಲ್ಲಿ ಹೇಳಿಸಿ. ಟೈಕೊ ಶಾಲೆಗಳಲ್ಲಿ ನಡುವಿನ ಪೆಟ್ಟಿಗೆ 'ದೊನ್', ಅಂಚಿನ ಪೆಟ್ಟಿಗೆ 'ಕಾ' ಎಂದು ಸೊಲ್ಲುಗಳಿವೆ. ಮೃದಂಗದ ವಿದ್ಯಾರ್ಥಿ 'ತ ದಿ ತೊಂ ನಂ' ಎಂದು ಹೇಳಿಕೊಂಡು ಕಲಿಯುವಂತೆಯೇ ಅವರೂ ಕಲಿಯುತ್ತಾರೆ. ಎಲ್ಲ ಮಕ್ಕಳಿಗೂ ಡೊಳ್ಳು ಸಾಲದಿದ್ದರೆ ಹಳೆಯ ಟೈರುಗಳಿಗೆ ಪ್ಯಾಕಿಂಗ್ ಟೇಪನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಕೋಲಿನ ಅಭ್ಯಾಸ ಮಾಡಿಸಬಹುದು. ಅಮೆರಿಕದ ಅನೇಕ ಟೈಕೊ ತರಗತಿಗಳು ಹೀಗೆಯೇ ಮಾಡುತ್ತವೆ. ಡೊಳ್ಳಿಗೆ ಇನ್ನೊಂದು ಬದಿಯಲ್ಲಿ ಅಂಗೈ ಪೆಟ್ಟು ಇರುವುದರಿಂದ, ಅದನ್ನು ಮಾತ್ರ ವಾದ್ಯದ ಮೇಲೆಯೇ ಸರದಿಯಂತೆ ಕಲಿಸಬೇಕಾಗುತ್ತದೆ. ವಾದ್ಯಗಳನ್ನು ವೇದಿಕೆಗೆ ಹೊತ್ತು ತರುವ ಕೆಲಸವನ್ನೂ, ಮುಗಿದ ಮೇಲೆ ನೆಲ ಗುಡಿಸುವುದನ್ನೂ ಮಕ್ಕಳಿಗೇ ಬಿಡಿ. ಟೈಕೊ ಗುರುಗಳು ಅದನ್ನು ಪಾಠದ ಹೊರಗಿನದೆಂದು ಎಣಿಸುವುದಿಲ್ಲ.

ಡಿಸೆಂಬರಿನಲ್ಲಿ ಬಯಲು ವೇದಿಕೆಯಲ್ಲಿ ನಡೆಸುವುದಾದರೆ, ನಮ್ಮ ಕಡೆಯ ಇಬ್ಬನಿಗೆ ಚರ್ಮ ಸಡಿಲವಾಗಿ ನಾದ ಕುಸಿಯುವುದು ನಿಮಗೆ ಗೊತ್ತೇ ಇದೆ. ಆದ್ದರಿಂದ ಹೊಸಬರ ಸರದಿಯನ್ನು ಸೂರ್ಯ ಮುಳುಗುವ ಮೊದಲೇ ಇಟ್ಟುಕೊಂಡು, ರಾತ್ರಿಯ ಭಾಗಕ್ಕೆ ಹಗ್ಗ ಬಿಗಿದು ಬೆಂಕಿಗೆ ಕಾಯಿಸಿದ ಡೊಳ್ಳುಗಳನ್ನು ಬೇರೆಯಾಗಿ ಸಿದ್ಧಪಡಿಸಿಕೊಳ್ಳಿ.