ಪಟ್ಟಿಯಲ್ಲಿ ಆರಿಸಿದ್ದೊಂದು, ಅಳಿಸಿಹೋದದ್ದೊಂದು

ಕಂಪ್ಯೂಟರ್ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಅಡಿಕೆ ಅಂಗಡಿಗೆಂದು ಪೈಥಾನ್‌ನ ಟಿಕಿಂಟರ್‌ನಲ್ಲಿ (ಕಿಟಕಿ, ಬಟನ್ ಮಾಡಿಕೊಡುವ ಭಾಗ) ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ದಿನದ ತೂಕದ ಚೀಟಿಗಳು ಲಿಸ್ಟ್‌ಬಾಕ್ಸ್‌ನಲ್ಲಿ ಸಾಲಾಗಿ ಕಾಣುತ್ತವೆ. ಒಂದು ಚೀಟಿ ಅಳಿಸಿದರೆ ಸರಿಯಾಗಿಯೇ ಹೋಗುತ್ತದೆ. ಎರಡು ಮೂರನ್ನು ಒಟ್ಟಿಗೆ ಆರಿಸಿ ಅಳಿಸಿದರೆ ಬೇಡದ್ದು ಉಳಿದು ಬೇಕಾದ್ದು ಹೋಗುತ್ತದೆ. ಎರರ್ ಕೂಡ ಬರುವುದಿಲ್ಲ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ಆರಿಸಿದ್ದು ಯಾವುದೆಂದು ಲಿಸ್ಟ್‌ಬಾಕ್ಸನ್ನು ಕೇಳುವ ‘ಕರ್‌ಸೆಲೆಕ್ಷನ್’ ನಿಮ್ಮ ಕೈಗೆ ಕೊಡುವುದು ಚೀಟಿಗಳನ್ನಲ್ಲ, ಅವು ಆ ಕ್ಷಣಕ್ಕೆ ಕುಳಿತಿರುವ ಜಾಗದ ನಂಬರುಗಳನ್ನು. ಎಣಿಕೆ ಶುರುವಾಗುವುದು ಸೊನ್ನೆಯಿಂದ. ನಿಮ್ಮ ಪಟ್ಟಿಯಲ್ಲಿ ರಾಶಿ 0, ಚಾಲಿ 1, ತಟ್ಟಿಬೆಟ್ಟೆ 2, ಬಿಳಿಗೋಟು 3, ಕೆಂಪುಗೋಟು 4, ಕಾಳುಮೆಣಸು 5 ಎಂದಿಟ್ಟುಕೊಳ್ಳಿ. ಚಾಲಿ ಮತ್ತು ಬಿಳಿಗೋಟನ್ನು ಆರಿಸಿದರೆ ಸಿಗುವುದು 1 ಮತ್ತು 3. ಮೊದಲು 1ನ್ನು ಅಳಿಸಿದ ಕೂಡಲೇ ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೇರುತ್ತವೆ. ಬಿಳಿಗೋಟು 2ಕ್ಕೆ ಬಂತು, ಕೆಂಪುಗೋಟು 3ಕ್ಕೆ ಬಂತು. ಈಗ ‘3 ಅಳಿಸು’ ಎಂದರೆ ಹೋಗುವುದು ಕೆಂಪುಗೋಟು. ಪಟ್ಟಿಯ ಕೊನೆ ದಾಟಿದ ನಂಬರ್ ಕೊಟ್ಟರೂ ಲಿಸ್ಟ್‌ಬಾಕ್ಸ್ ಸುಮ್ಮನಿದ್ದುಬಿಡುತ್ತದೆ, ಎರರ್ ಬಾರದಿರುವುದು ಅದಕ್ಕೇ.

ತಕ್ಷಣದ ಪರಿಹಾರ ಸುಲಭ: ನಂಬರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಕೊಂಡು ಅಳಿಸಿ. ಮೊದಲು 3, ಆಮೇಲೆ 1. ಕೆಳಗಿನದು ಹೋದರೆ ಮೇಲಿನದರ ಜಾಗ ಬದಲಾಗುವುದಿಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ನಾಳೆ ನೀವು ಪಟ್ಟಿಯನ್ನು ತೂಕದ ಪ್ರಕಾರ ಜೋಡಿಸುವ ಬಟನ್ ಇಡುತ್ತೀರಿ, ಹೆಸರಿನಿಂದ ಹುಡುಕುವ ಪೆಟ್ಟಿಗೆಯನ್ನೂ ಇಡುತ್ತೀರಿ. ಜಾಗದ ನಂಬರನ್ನು ನಂಬಿದ ಪ್ರೋಗ್ರಾಂ ಅಲ್ಲಿ ಮತ್ತೆ ಎಡವುತ್ತದೆ. ಸಾಲಿನ ಅಕ್ಷರಗಳನ್ನು ನೋಡಿ ಗುರುತಿಸುವುದೂ ಸರಿಯಲ್ಲ, ಒಬ್ಬರೇ ಬೆಳೆಗಾರರು ಒಂದೇ ದಿನ ಒಂದೇ ತೂಕದ ಎರಡು ಚೀಟಿ ಮಾಡಿಸಿದರೆ ಎರಡು ಸಾಲೂ ಒಂದೇ ತರಹ ಇರುತ್ತವೆ. ನಂಬಬೇಕಾದ್ದು ಚೀಟಿ ನಂಬರನ್ನು ಮಾತ್ರ. ಲಿಸ್ಟ್‌ಬಾಕ್ಸನ್ನೇ ಇಟ್ಟುಕೊಳ್ಳುವುದಾದರೆ ಅದರ ಪಕ್ಕದಲ್ಲಿ ಚೀಟಿ ನಂಬರುಗಳ ಒಂದು ಲಿಸ್ಟ್ ಇರಲಿ, ಎರಡೂ ಒಂದೇ ಕ್ರಮದಲ್ಲಿ. ಜೋಡಿಸುವ ಅಥವಾ ಹುಡುಕುವ ಮುನ್ನ ಆರಿಸಿದ ಸಾಲುಗಳ ಚೀಟಿ ನಂಬರನ್ನು ಒಂದು ಸೆಟ್‌ಗೆ ಹಾಕಿಕೊಳ್ಳಿ, ಪಟ್ಟಿಯನ್ನು ಹೊಸದಾಗಿ ತುಂಬಿ, ಆ ಸೆಟ್‌ನಲ್ಲಿರುವ ಸಾಲುಗಳಿಗೆ ‘ಸೆಲೆಕ್ಷನ್_ಸೆಟ್’ ಕರೆದು ಅವನ್ನು ಮತ್ತೆ ಆರಿಸಿ.

ಇದಕ್ಕಿಂತ ಟಿಕಿಂಟರ್‌ನದೇ ಟಿಟಿಕೆ ಭಾಗದ ಟ್ರೀವ್ಯೂ (ಕಾಲಂಗಳಿರುವ ಪಟ್ಟಿ) ಒಳ್ಳೆಯದು. ಸಾಲು ಸೇರಿಸುವಾಗಲೇ ‘ಐಐಡಿ’ (ಸಾಲಿನ ಗುರುತು) ಜಾಗದಲ್ಲಿ ಚೀಟಿ ನಂಬರ್ ಕೊಟ್ಟರೆ, ಆರಿಸಿದ್ದು ಯಾವುದೆಂದು ಕೇಳಿದಾಗ ಅದೇ ನಂಬರ್ ವಾಪಸ್ ಬರುತ್ತದೆ, ಸಾಲು ಎಲ್ಲೇ ಕುಳಿತಿರಲಿ. ಎರಡು ಎಚ್ಚರಿಕೆ. ಹೋಲಿಸುವ ಮುನ್ನ ಎರಡೂ ಕಡೆಯ ನಂಬರನ್ನು ಸ್ಟ್ರಿಂಗ್ (ಅಕ್ಷರರೂಪ) ಮಾಡಿಕೊಳ್ಳಿ. ಮತ್ತೆ, ಚೀಟಿ ನಂಬರನ್ನು ಕಾಲಂಗಳ ‘ವ್ಯಾಲ್ಯೂಸ್’ನಿಂದ ಎತ್ತಿಕೊಳ್ಳಬೇಡಿ: 0047 ಎಂದು ಹಾಕಿದ್ದು 47 ಆಗಿ ಮರಳುತ್ತದೆ, ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ.

ಅಳಿಸಿದ ಮೇಲೆ ಆಯ್ಕೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ನೀವೇ ತೀರ್ಮಾನಿಸಬೇಕು. ಹೋದ ಸಾಲಿನ ಜಾಗಕ್ಕೆ ಬಂದ ಸಾಲು, ಅದಿಲ್ಲದಿದ್ದರೆ ಅದರ ಮೇಲಿನದು. ಪಟ್ಟಿ ಖಾಲಿಯಾದರೆ ‘ಅಳಿಸು’ ಬಟನ್ ಮಂಕಾಗಲಿ. ಹುಡುಕಾಟದಲ್ಲಿ ಮರೆಯಾದ ಸಾಲು ಆಯ್ಕೆಯಲ್ಲೇ ಉಳಿಯಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಮೊತ್ತ ಕೂಡಿಸಲಿಕ್ಕೆ ಉಳಿಯಲಿ. ಅಳಿಸಲಿಕ್ಕೆ ಮಾತ್ರ ಬೇಡ, ಕಣ್ಣಿಗೆ ಕಾಣದ ಚೀಟಿ ಯಾವತ್ತೂ ಅಳಿಯಬಾರದು. ‘7 ಚೀಟಿ ಆರಿಸಿದೆ’ ಎಂಬ ಸಾಲು ಕಿಟಕಿಯ ಕೆಳಗೆ ಸದಾ ಕಾಣುತ್ತಿದ್ದರೆ ಅಂಗಡಿಯವರಿಗೂ ಧೈರ್ಯ.

ಪ್ರಶ್ನೆ: ಟಿಕಿಂಟರ್‌ನಲ್ಲೇ ಎಡಕ್ಕೆ ತಾಲೂಕು, ಬಲಕ್ಕೆ ಊರು, ಹೀಗೆ ಎರಡು ಲಿಸ್ಟ್‌ಬಾಕ್ಸ್ ಇಟ್ಟಿದ್ದೇನೆ. ಎಡಕ್ಕೆ ಕುಮಟಾ ಆರಿಸಿ ಬಲಕ್ಕೆ ಗೋಕರ್ಣ ಒತ್ತಿದ ಕೂಡಲೇ ಕುಮಟಾದ ಮೇಲಿನ ನೀಲಿ ಬಣ್ಣ ಹೋಗುತ್ತದೆ. ಜೊತೆಗೆ ಇಂಡೆಕ್ಸ್ ಎರರ್.
– ವಿದ್ಯಾರ್ಥಿನಿ, ಕುಮಟಾ

ಉತ್ತರ: ಎರಡೂ ಲಿಸ್ಟ್‌ಬಾಕ್ಸ್ ಮಾಡುವಾಗ ‘ಎಕ್ಸ್‌ಪೋರ್ಟ್‌ಸೆಲೆಕ್ಷನ್’ಗೆ ಫಾಲ್ಸ್ ಕೊಡಿ. ಅದು ಮೊದಲಿಗೆ ಟ್ರೂ ಆಗಿರುತ್ತದೆ. ಆರಿಸಿದ್ದನ್ನು ಬೇರೆ ಕಡೆ ಅಂಟಿಸಲು ಬರುವಂತೆ ಇಡುವ ಎಕ್ಸ್ ವಿಂಡೋದ (ಯುನಿಕ್ಸ್‌ನ ಕಿಟಕಿ ವ್ಯವಸ್ಥೆ) ಹಳೆಯ ಪದ್ಧತಿ ಅದು, ಮತ್ತು ಆ ಪದ್ಧತಿಯಲ್ಲಿ ಒಂದು ಹೊತ್ತಿಗೆ ಒಂದೇ ಕಡೆ ಆಯ್ಕೆ ಇರಬಹುದು. ಬಲಗಡೆ ಆರಿಸಿದರೆ ಎಡಗಡೆಯದು ಬಿಟ್ಟುಕೊಡಲೇಬೇಕು.

ಎರರ್‌ನ ಮೂಲವೂ ಇದೇ. ಎಡಗಡೆಯ ಆಯ್ಕೆ ಖಾಲಿಯಾದಾಗಲೂ ಆಯ್ಕೆ ಬದಲಾದ ಸುದ್ದಿ ನಿಮ್ಮ ಫಂಕ್ಷನ್‌ಗೆ ಮುಟ್ಟುತ್ತದೆ, ಅಲ್ಲಿ ನೀವು ಖಾಲಿ ಟಪಲ್‌ನ (ಆರಿಸಿದ ನಂಬರುಗಳ ಸಾಲು) ಮೊದಲ ಅಂಶ ಕೇಳುತ್ತೀರಿ. ಫಂಕ್ಷನ್‌ನ ಮೊದಲ ಸಾಲಿನಲ್ಲೇ ‘ಆಯ್ಕೆ ಖಾಲಿಯಿದ್ದರೆ ವಾಪಸ್’ ಎಂದು ಬರೆಯಿರಿ. ಫಾಲ್ಸ್ ಕೊಟ್ಟ ಮೇಲೂ ಈ ಸಾಲನ್ನು ತೆಗೆಯಬೇಡಿ.

ಪ್ರಶ್ನೆ: ಕಾರವಾರದಲ್ಲಿ ಮನೆಮನೆಗೆ ಮೀನು ಕೊಡುವವರಿಗೆಂದು ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇವೆ. ರಿಸೈಕ್ಲರ್‌ವ್ಯೂನಲ್ಲಿ (ಸರಿಸಿ ನೋಡುವ ಪಟ್ಟಿ) ಸುಮಾರು 40 ಸಾಲು, ಪ್ರತಿಯೊಂದಕ್ಕೂ ಚೆಕ್‌ಬಾಕ್ಸ್. ಮೇಲೆ ಬಂಗಡೆಗೆ ಟಿಕ್ ಹಾಕಿ ಕೆಳಗೆ ಸರಿಸಿದರೆ ನಾವು ಮುಟ್ಟದ ಸಿಗಡಿಗೂ ಟಿಕ್ ಬಿದ್ದಿರುತ್ತದೆ. ವಾಪಸ್ ಮೇಲೆ ಬಂದರೆ ಬಂಗಡೆಯ ಟಿಕ್ ಕೆಲವು ಸಲ ಮಾಯ.
– ಓದುಗರು, ಕಾರವಾರ

ಉತ್ತರ: ರಿಸೈಕ್ಲರ್‌ವ್ಯೂ 40 ಸಾಲಿಗೆ 40 ಚೌಕಟ್ಟು ಮಾಡುವುದಿಲ್ಲ. ಪರದೆಯಲ್ಲಿ ಹಿಡಿಯುವಷ್ಟು, ಮೇಲೆ ನಾಲ್ಕಾರು. ಮೇಲಿನಿಂದ ಮರೆಯಾದ ಚೌಕಟ್ಟೇ ಕೆಳಗಿನಿಂದ ಹೊಸ ಹೆಸರು ಹೊತ್ತು ಬರುತ್ತದೆ. ಬಂದರಿನಲ್ಲಿ ಬಂಗಡೆ ಸುರಿದ ಬುಟ್ಟಿಗೆ ಸಿಗಡಿ ತುಂಬಿ, ಹಳೆಯ ಗುರುತಿನ ಚೀಟಿ ಕೀಳದೆ ಬಿಟ್ಟರೆ ಏನಾಗುತ್ತದೋ ಇಲ್ಲಿ ಅದೇ ಆಗಿದೆ.

ಯಾವ ಮೀನಿಗೆ ಟಿಕ್ ಇದೆ ಎಂಬುದು ಚೆಕ್‌ಬಾಕ್ಸ್‌ನಲ್ಲಿ ಇರಬಾರದು, ಅಡಾಪ್ಟರ್‌ನ (ಸಾಲುಗಳಿಗೆ ಮಾಹಿತಿ ಒದಗಿಸುವ ಭಾಗ) ಹೊರಗೆ ಮೀನಿನ ಐಡಿಗಳ ಒಂದು ಸೆಟ್‌ನಲ್ಲಿ ಇರಬೇಕು. ಚೆಕ್‌ಬಾಕ್ಸ್ ಅದನ್ನು ತೋರಿಸಿದರೆ ಸಾಕು. ಚೌಕಟ್ಟಿಗೆ ಮೀನಿನ ಮಾಹಿತಿ ತುಂಬುವ ‘ಆನ್‌ಬೈಂಡ್‌ವ್ಯೂಹೋಲ್ಡರ್’ನಲ್ಲಿ ಕ್ರಮ ಬಹಳ ಮುಖ್ಯ: ಮೊದಲು ಚೆಕ್‌ಬಾಕ್ಸ್‌ನ ಲಿಸನರ್‌ಗೆ (ಟಿಕ್ ಬದಲಾದಾಗ ಓಡುವ ಕೋಡ್) ನಲ್ ಕೊಟ್ಟು ಅದನ್ನು ತೆಗೆಯಿರಿ, ಆಮೇಲೆ ಸೆಟ್ ನೋಡಿ ಟಿಕ್ ಹಾಕಿ ಇಲ್ಲವೇ ತೆಗೆಯಿರಿ, ಕೊನೆಗೆ ಲಿಸನರ್ ಕೂರಿಸಿ. ಹಳೆಯ ಲಿಸನರ್ ಇರುವಾಗಲೇ ಟಿಕ್ ಬದಲಿಸಿದರೆ ಅದು ಯಾರೋ ಬೆರಳಿಟ್ಟರೆಂದೇ ತಿಳಿದು ಹಿಂದಿನ ಮೀನಿನ ದಾಖಲೆ ತಿದ್ದುತ್ತದೆ. ನಿಮ್ಮ ಬಂಗಡೆಯ ಟಿಕ್ ಮಾಯವಾಗುವುದು ಹೆಚ್ಚಾಗಿ ಇದರಿಂದಲೇ. ಇನ್ನೊಂದು ಸಾಮಾನ್ಯ ತಪ್ಪು, ‘ಆರಿಸಿದ್ದರೆ ಟಿಕ್ ಹಾಕು’ ಎಂದಷ್ಟೇ ಬರೆದು ‘ಇಲ್ಲದಿದ್ದರೆ ತೆಗೆ’ ಎಂಬುದನ್ನು ಬಿಡುವುದು. ಸಿಗಡಿಗೆ ಟಿಕ್ ಬಿದ್ದಿರುವುದಕ್ಕೆ ಅದೊಂದೇ ಸಾಕು.

ಲಿಸನರ್ ಒಳಗೆ ಬೈಂಡ್ ಮಾಡುವಾಗಿನ ಪೊಸಿಷನ್ ಬಳಸಬೇಡಿ. ಆ ಕ್ಷಣದ ‘ಬೈಂಡಿಂಗ್‌ಅಡಾಪ್ಟರ್‌ಪೊಸಿಷನ್’ ಕೇಳಿ. ಸಾಲು ಅಳಿಯುತ್ತಿರುವ ಹೊತ್ತಿನಲ್ಲಿ ಬೆರಳು ತಾಗಿದರೆ ಅದು -1 ಕೊಡಬಹುದು, ಆಗ ಏನೂ ಮಾಡದೆ ಹಿಂದಿರುಗಿ. ಒಂದು ಸಾಲು ಬದಲಾದರೆ ಆ ಒಂದಕ್ಕೇ ‘ನೋಟಿಫೈಐಟಂಚೇಂಜ್ಡ್’ ಸಾಕು, ಇಡೀ ಪಟ್ಟಿಯನ್ನು ಹೊಸದಾಗಿ ಬರೆಸಿದರೆ ಪರದೆ ಮಿಣುಕುತ್ತದೆ.

ಒತ್ತಿಹಿಡಿದು ಹಲವನ್ನು ಆರಿಸುವ ವ್ಯವಸ್ಥೆ ಬೇಕಿದ್ದರೆ ಆಂಡ್ರಾಯ್ಡ್‌ಎಕ್ಸ್ ಲೈಬ್ರರಿಯ ಸೆಲೆಕ್ಷನ್‌ಟ್ರ್ಯಾಕರ್ ಇದೆ. ಅದಕ್ಕೂ ಬದಲಾಗದ ಕೀಲಿ ಬೇಕು, ಲಾಂಗ್ ಅಥವಾ ಸ್ಟ್ರಿಂಗ್ ರೂಪದ ಮೀನಿನ ಐಡಿ. ಫೋನ್ ಅಡ್ಡ ತಿರುಗಿಸಿದಾಗ ಆಯ್ಕೆ ಉಳಿಯಬೇಕಾದರೆ ಟ್ರ್ಯಾಕರ್‌ನ ಸೇವ್ ಮತ್ತು ರಿಸ್ಟೋರ್ ಎರಡನ್ನೂ ಆ್ಯಕ್ಟಿವಿಟಿಯಿಂದ (ಆ ಪರದೆಯ ಕೋಡ್) ನೀವೇ ಕರೆಯಬೇಕು.

ಪ್ರಶ್ನೆ: ಜಾವಾ ಸ್ವಿಂಗ್‌ನ ಜೆಲಿಸ್ಟ್‌ನಲ್ಲಿ (ಪಟ್ಟಿ ತೋರಿಸುವ ಭಾಗ) ಒಮ್ಮೆ ಕ್ಲಿಕ್ ಮಾಡಿದರೆ ನಮ್ಮ ಫಂಕ್ಷನ್ ಎರಡು ಸಲ ಓಡುತ್ತದೆ, ಏಕೆ?
– ವಿದ್ಯಾರ್ಥಿ, ಅಂಕೋಲಾ

ಉತ್ತರ: ಮೌಸ್ ಒತ್ತಿದಾಗ ಒಂದು, ಬಿಟ್ಟಾಗ ಇನ್ನೊಂದು. ‘ಗೆಟ್‌ವ್ಯಾಲ್ಯೂಈಸ್‌ಅಡ್ಜಸ್ಟಿಂಗ್’ ಟ್ರೂ ಇದ್ದರೆ, ಅಂದರೆ ಆಯ್ಕೆ ಇನ್ನೂ ಮುಗಿದಿಲ್ಲದಿದ್ದರೆ, ಕೆಲಸ ಮಾಡದೆ ಹಿಂದಿರುಗಿ. ಮುಂದೆ ಜೆಟೇಬಲ್‌ಗೆ (ಕಾಲಂಗಳಿರುವ ಪಟ್ಟಿ) ಹೋದರೆ, ಕಾಲಂ ತಲೆ ಒತ್ತಿ ಜೋಡಿಸಿದ ಮೇಲೆ ಕಾಣುವ ಸಾಲಿನ ನಂಬರ್ ಮತ್ತು ಮಾಡೆಲ್‌ನ (ಒಳಗಿನ ಮೂಲ ಮಾಹಿತಿ) ನಂಬರ್ ಬೇರೆಯಾಗುತ್ತವೆ. ‘ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್’ ಮೂಲಕ ಹಾದೇ ಮಾಡೆಲ್ ಮುಟ್ಟಿ.

ಪ್ರಶ್ನೆ: ಭಟ್ಕಳದಲ್ಲಿ ಸ್ಟುಡಿಯೋ ಇದೆ. ಮದುವೆಯ 300 ಫೋಟೋಗಳಲ್ಲಿ 20 ಬಿಟ್ಟು ಉಳಿದವನ್ನು ಪೆನ್‌ಡ್ರೈವ್‌ಗೆ ಹಾಕಬೇಕು. ಕಂಟ್ರೋಲ್ ಹಿಡಿದು ಆರಿಸುತ್ತ ಹೋದರೆ ನಡುವೆ ಎಲ್ಲ ಬಿಟ್ಟುಹೋಗುತ್ತದೆ, ಕೆಲವೊಮ್ಮೆ ಅದೇ ಫೋಲ್ಡರ್‌ನಲ್ಲಿ ‘ಕಾಪಿ’ ಎಂಬ ಹೆಸರಿನ ಫೋಟೋಗಳು ಹುಟ್ಟುತ್ತವೆ.
– ಓದುಗರು, ಭಟ್ಕಳ

ಉತ್ತರ: ಬೇಡದ 20ನ್ನೇ ಆರಿಸಿ, ಆಮೇಲೆ ಎಕ್ಸ್‌ಪ್ಲೋರರ್‌ನಲ್ಲಿ ‘ಇನ್ವರ್ಟ್ ಸೆಲೆಕ್ಷನ್’ ಒತ್ತಿ. ವಿಂಡೋಸ್ 11ರಲ್ಲಿ ಅದು ಮೇಲಿನ ಮೂರು ಚುಕ್ಕಿಯ ಮೆನುವಿನಲ್ಲಿದೆ, 10ರಲ್ಲಿ ಹೋಂ ಟ್ಯಾಬ್‌ನಲ್ಲಿ.

ಕಾಪಿಗಳು ಹುಟ್ಟುವುದು ಕಂಟ್ರೋಲ್ ಹಿಡಿದಿರುವಾಗ ಮೌಸ್ ಒತ್ತಿ ತುಸು ಜಾರಿಸಿದ್ದರಿಂದ. ಕಂಟ್ರೋಲ್ ಜೊತೆ ಎಳೆದರೆ ವಿಂಡೋಸ್ ನಕಲು ಮಾಡುತ್ತದೆ. ಆಯ್ಕೆ ಬಿಟ್ಟುಹೋಗುವುದು ಕಂಟ್ರೋಲ್ ಇಲ್ಲದೆ ಒಂದು ಕ್ಲಿಕ್ ಬಿದ್ದುದರಿಂದ. ವ್ಯೂ ಮೆನುವಿನ ಶೋದಲ್ಲಿ ‘ಐಟಂ ಚೆಕ್ ಬಾಕ್ಸಸ್’ ಹಾಕಿಕೊಂಡರೆ ಪ್ರತಿ ಫೋಟೋಕ್ಕೂ ಚಿಕ್ಕ ಚೌಕ ಬರುತ್ತದೆ, ಅದರ ಮೇಲೆಯೇ ಕ್ಲಿಕ್ ಮಾಡಿದರೆ ಕಂಟ್ರೋಲ್ ಹಿಡಿಯಬೇಕಿಲ್ಲ. ಸಾಲಾಗಿ ಇರುವವಕ್ಕೆ ಶಿಫ್ಟ್ ಬಳಸಿ: 3ನೆಯದನ್ನು ಒತ್ತಿ, ಶಿಫ್ಟ್ ಹಿಡಿದು 8ನೆಯದನ್ನು ಒತ್ತಿದರೆ 3ರಿಂದ 8. ಹೆಚ್ಚಾಯಿತೆನಿಸಿದರೆ ಶಿಫ್ಟ್ ಹಿಡಿದೇ 5ನ್ನು ಒತ್ತಿ, 3ರಿಂದ 5ಕ್ಕೆ ಕುಗ್ಗುತ್ತದೆ. ಪೆನ್‌ಡ್ರೈವ್‌ಗೆ ಕಳಿಸುವ ಮುನ್ನ ಕಿಟಕಿಯ ಕೆಳಅಂಚಿನಲ್ಲಿ 280 ಎಂದು ಬಂದಿದೆಯೇ ನೋಡಿಕೊಳ್ಳಿ.